ಮಾತ್ರೆ ಪಟ್ಟಿಯ ಮೇಲಿನ ಬರಹ: ಯಂತ್ರದ ಕಣ್ಣು ಮತ್ತು ಮನೆಯ ಕಣ್ಣು

ಯಗಟಿ ಹೋಬಳಿಯ ಯಾವ ಊರಿನ ಯಾವ ಮನೆಗೆ ಹೋದರೂ ಅಡುಗೆಮನೆಯ ಹಲಗೆಯ ಮೇಲೋ ದೇವರ ಜಗಲಿಯ ಪಕ್ಕದ ಗೂಡಿನಲ್ಲೋ ಒಂದು ಡಬ್ಬಿ ಕಾಣಸಿಗುತ್ತದೆ. ಒಂದು ಕಾಲಕ್ಕೆ ಬಿಸ್ಕತ್ತಿನದೋ ಮಿಠಾಯಿಯದೋ ಆಗಿದ್ದ ಆ ಡಬ್ಬಿಯೊಳಗೆ ಈಗ ಮನೆಮಂದಿಯ ಔಷಧಗಳಿರುತ್ತವೆ. ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಮಂಡಿನೋವಿನದು, ಮೊಮ್ಮಗುವಿಗೆ ಜ್ವರ ಬಂದಾಗ ತಂದು ಉಳಿದ ಅರ್ಧ ಸೀಸೆ ಸಿರಪ್ಪು. ಪಟ್ಟಿಗಳಲ್ಲಿ ಹೆಚ್ಚಿನವು ಕತ್ತರಿಸಿದವು. ಕೆಲವದರಲ್ಲಿ ನಾಲ್ಕು ಮಾತ್ರೆ, ಕೆಲವದರಲ್ಲಿ ಎರಡು. ಇದು ಯಾವುದರ ಮಾತ್ರೆ ಎಂದು ಹಿರಿಯರನ್ನು ಕೇಳಿದರೆ, ‘ಬಿಳೀದು ಬಿಪಿದು, ಹಳದೀದು ಶುಗರಿಂದು’ ಎಂಬ ಉತ್ತರ ಬರುತ್ತದೆ. ಬಣ್ಣವೇ ಅವರಿಗೆ ಲೇಬಲ್ಲು. ಮುಂದಿನ ತಿಂಗಳು ಅಂಗಡಿಯವರು ಅದೇ ಔಷಧವನ್ನು ಬೇರೆ ಸಂಸ್ಥೆಯದು ಕೊಟ್ಟರೆ ಬಣ್ಣ ಬದಲಾಗುತ್ತದೆ. ಆಗ ಬಿಳಿಯದೇ ಎರಡು ಬಗೆಯಾಗಿ ಒಂದನ್ನು ಎರಡು ಸಲ ನುಂಗುವ, ಇನ್ನೊಂದನ್ನು ಬಿಟ್ಟೇಬಿಡುವ ಅಪಾಯ ಎದುರಾಗುತ್ತದೆ.

ಆ ಪಟ್ಟಿಗಳ ಬೆನ್ನಿಗೆ ಹೊಳೆಯುವ ಅಲ್ಯೂಮಿನಿಯಂ ಹಾಳೆಯ ಮೇಲೆ ಇರುವೆಸಾಲಿನಂತೆ ಮುದ್ರಿತವಾಗಿರುವ ಅಕ್ಷರಗಳನ್ನು ನಾವು ಓದುವುದು ಅಪರೂಪ. ಆದರೆ ಆ ಅಕ್ಷರಗಳು ನಮ್ಮ ಮನೆಗೆ ಬರುವ ಮೊದಲು ಅವನ್ನು ಒಂದೊಂದಾಗಿ ಓದಿ, ಸರಿಯಿದೆಯೆಂದು ಒಪ್ಪಿ, ತಪ್ಪಿದ್ದರೆ ಪಟ್ಟಿಯನ್ನೇ ಆಚೆಗೆ ತಳ್ಳುವ ಒಂದು ಕಣ್ಣು ಕಾರ್ಖಾನೆಯಲ್ಲಿರುತ್ತದೆ. ಆ ಕಣ್ಣು ಮನುಷ್ಯನದಲ್ಲ, ಯಂತ್ರದ್ದು. ಅದು ಏನನ್ನು ನೋಡುತ್ತದೆ, ಯಾವುದನ್ನು ನೋಡಲಾರದು ಎಂಬುದು ತಿಳಿದರೆ, ಉಳಿದ ಪಾಲು ಯಾರದೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲು ಬರಹದ ವಿಚಾರ. ನಮ್ಮ ದೇಶದಲ್ಲಿ ಔಷಧದ ಲೇಬಲ್ಲಿನ ಮೇಲೆ ಏನೇನಿರಬೇಕೆಂಬುದನ್ನು 1945ರ ಔಷಧ ನಿಯಮಗಳು ನಿರ್ಧರಿಸಿವೆ. ಔಷಧದ ಹೆಸರು, ಅದರೊಳಗಿನ ಸಕ್ರಿಯ ದ್ರವ್ಯ ಮತ್ತು ಅದರ ಪ್ರಮಾಣ, ತಯಾರಕರ ಹೆಸರು ಹಾಗೂ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಇವೆಲ್ಲ ಇರಲೇಬೇಕು. ಅವಧಿಯನ್ನು ತಿಂಗಳು ಮತ್ತು ವರ್ಷದಲ್ಲಿ ಮಾತ್ರ ನಮೂದಿಸಿದ್ದರೆ, ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದೆಂದು ಅರ್ಥ. ‘08/2027’ ಎಂದಿದ್ದರೆ ಆಗಸ್ಟ್ 31ರವರೆಗೆ ಸರಿ. ಆಗಸ್ಟ್ ಒಂದಕ್ಕೇ ಅವಧಿ ಮುಗಿಯಿತೆಂದು ಒಳ್ಳೆಯ ಮಾತ್ರೆಯನ್ನು ಎಸೆಯಬೇಕಾಗಿಲ್ಲ. 2018ರ ಸೆಪ್ಟೆಂಬರ್‌ನಿಂದ ಇನ್ನೊಂದು ನಿಯಮ ಸೇರಿದೆ: ಒಂದೇ ದ್ರವ್ಯವುಳ್ಳ ಔಷಧಗಳಲ್ಲಿ ಮೂಲ ಔಷಧದ ಹೆಸರು, ಕಂಪನಿ ಇಟ್ಟ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿರಬೇಕು. ಬಣ್ಣವನ್ನು ನಂಬುವ ಹಿರಿಯರಿಗೆ ನಿಜವಾಗಿ ನೆರವಾಗಬೇಕಾದ ನಿಯಮವಿದು. ಏಕೆಂದರೆ ಕಂಪನಿ ಬದಲಾದರೂ, ಬಣ್ಣ ಬದಲಾದರೂ, ಮೂಲ ಹೆಸರು ಬದಲಾಗುವುದಿಲ್ಲ.

ಈ ಬರಹ ಎರಡು ಹಂತಗಳಲ್ಲಿ ಅಚ್ಚಾಗುತ್ತದೆ ಎಂಬುದು ಅನೇಕರಿಗೆ ಹೊಸ ಸಂಗತಿಯಾದೀತು. ಔಷಧದ ಹೆಸರು, ಪ್ರಮಾಣ, ಎಚ್ಚರಿಕೆಯ ಮಾತುಗಳು ಇವೆಲ್ಲ ಬೇರೊಂದು ಮುದ್ರಣಾಲಯದಲ್ಲಿ ಮೊದಲೇ ಅಚ್ಚಾಗಿ, ಉದ್ದನೆಯ ಹಾಳೆಯ ಸುರುಳಿಗಳಾಗಿ ಔಷಧ ಕಾರ್ಖಾನೆಗೆ ಬರುತ್ತವೆ. ಬ್ಯಾಚ್ ಸಂಖ್ಯೆ ಮತ್ತು ದಿನಾಂಕಗಳನ್ನು ಮಾತ್ರ ಮಾತ್ರೆ ತುಂಬುವ ಹೊತ್ತಿನಲ್ಲಿ, ಅಲ್ಲಿಯೇ ಒತ್ತುತ್ತಾರೆ. ಪಟ್ಟಿಯ ಅಂಚಿನಲ್ಲಿ ಮಸಿಯಿಲ್ಲದೆ ತಗ್ಗಿದಂತೆ ಮೂಡಿರುವ ಅಂಕಿಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಬೇಕಾಗಿ ಬಂದದ್ದು ನೆನಪಿರಬಹುದು. ಅವೇ ಅವು. ಎರಡೂ ಹಂತಗಳಲ್ಲಿ ತಪ್ಪು ನುಸುಳಬಹುದು. ಸುರುಳಿ ಅದಲು ಬದಲಾಗಬಹುದು. 5 ಮಿಲಿಗ್ರಾಂ ಮಾತ್ರೆಗೆ 10 ಮಿಲಿಗ್ರಾಂ ಎಂದು ಅಚ್ಚಾದ ಹಾಳೆ ಬೀಳಬಹುದು. ಮಸಿ ಹರಿದು 8 ಎಂಬುದು 3ರಂತೆ ಕಾಣಬಹುದು. ಹಿಂದಿನ ಬ್ಯಾಚಿನ ಅಚ್ಚನ್ನು ಬದಲಿಸದೆ ಹೊಸ ಬ್ಯಾಚನ್ನು ಆರಂಭಿಸಿಬಿಡಬಹುದು.

ಹಿಂದೆ ಇದನ್ನೆಲ್ಲ ನೋಡುತ್ತಿದ್ದವರು ಸಾಲಾಗಿ ಕುಳಿತ ಕೆಲಸಗಾರರು. ಮುಂದೆ ಪಟ್ಟಿಗಳು ಹರಿದು ಹೋಗುತ್ತಿರುತ್ತವೆ, ಇವರು ಕಣ್ಣಿಟ್ಟು ನೋಡುತ್ತಿರಬೇಕು. ಅವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ಮನುಷ್ಯನ ಗಮನಕ್ಕೇ ಒಂದು ಮಿತಿಯಿದೆ. ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸಿಕೊಟ್ಟಿತು. ಯುದ್ಧಕಾಲದಲ್ಲಿ ರಡಾರ್ ಪರದೆಯ ಮುಂದೆ ಗಂಟೆಗಟ್ಟಲೆ ಕುಳಿತವರು ಶತ್ರುವಿನ ಸುಳಿವನ್ನು ಏಕೆ ತಪ್ಪಿಸಿಕೊಳ್ಳುತ್ತಾರೆಂಬುದು ಅವರ ಪ್ರಶ್ನೆಯಾಗಿತ್ತು. ಗಡಿಯಾರದ ಮುಳ್ಳಿನಂತೆ ಹೆಜ್ಜೆ ಹೆಜ್ಜೆಯಾಗಿ ಸರಿಯುವ ಒಂದು ಮುಳ್ಳು, ಅಪರೂಪಕ್ಕೊಮ್ಮೆ ಅದು ಎರಡು ಹೆಜ್ಜೆ ಜಿಗಿಯುವುದು, ಆ ಜಿಗಿತವನ್ನು ಗುರುತಿಸುವುದಷ್ಟೇ ಕೆಲಸ. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿಯೇ ನೋಡುವವರ ಪತ್ತೆಯ ಶಕ್ತಿ ಇಳಿಯತೊಡಗಿತ್ತು. ತಪ್ಪು ಎಷ್ಟು ಅಪರೂಪವೋ ಅಷ್ಟು ಬೇಗ ಮನಸ್ಸು ಜಾರುತ್ತದೆ. ರಾಗಿ ಕಲ್ಲು ಆರಿಸುವ ತಾಯಂದಿರಿಗೆ ಇದನ್ನು ವಿಜ್ಞಾನಿಗಳು ಹೇಳಿಕೊಡಬೇಕಾಗಿಲ್ಲ. ಕಲ್ಲು ಹೆಚ್ಚಿದ್ದ ಮೊರದಲ್ಲಿ ಕಣ್ಣು ಚುರುಕಾಗಿರುತ್ತದೆ. ಕಲ್ಲೇ ಇಲ್ಲದಂತಿರುವ ಮೊರದಲ್ಲಿಯೇ ಒಂದು ಕಲ್ಲು ಉಳಿದು ಹಲ್ಲಿಗೆ ಸಿಗುವುದು.

ಈ ಕಾರಣದಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1993ರಲ್ಲಿ ಒಂದು ನಿಯಮ ತಂದಿತು. ಬಿಡಿಬಿಡಿಯಾಗಿ ಕತ್ತರಿಸಿದ ಲೇಬಲ್ಲುಗಳನ್ನು ಬಳಸುವ ಕಾರ್ಖಾನೆಗಳು ಒಂದೋ ಪ್ರತಿ ಬಗೆಯ ಔಷಧಕ್ಕೂ ಬೇರೆಯದೇ ಆದ ಪ್ಯಾಕಿಂಗ್ ಸಾಲನ್ನು ಮೀಸಲಿಡಬೇಕು, ಇಲ್ಲವೇ ನೂರಕ್ಕೆ ನೂರು ಲೇಬಲ್ಲುಗಳನ್ನು ವಿದ್ಯುನ್ಮಾನ ಉಪಕರಣದಿಂದ ಪರೀಕ್ಷಿಸಬೇಕು. ಕೈಯಿಂದ ಅಂಟಿಸುವ ಲೇಬಲ್ಲುಗಳಾದರೆ ಒಬ್ಬರು ನೋಡಿದ ಪ್ರತಿಯೊಂದನ್ನೂ ಇನ್ನೊಬ್ಬರು ಸ್ವತಂತ್ರವಾಗಿ ಮತ್ತೆ ನೋಡಬೇಕು. ಮನುಷ್ಯನ ಕಣ್ಣು ಬೇಕೆಂದರೆ ಎರಡು ಜೊತೆ ಬೇಕು ಎಂಬುದು ಆ ನಿಯಮದ ಧ್ವನಿ.

ಇನ್ನು ಯಂತ್ರದ ಕಣ್ಣು ಕೆಲಸ ಮಾಡುವ ಬಗೆ. ಪಟ್ಟಿಗಳು ಸಾಗುವ ದಾರಿಯ ಮೇಲೆ ಒಂದು ಕ್ಯಾಮರಾ, ಅದರ ಸುತ್ತ ಬೆಳಕು. ಅಲ್ಯೂಮಿನಿಯಂ ಹಾಳೆ ಕನ್ನಡಿಯಂತೆ ಹೊಳೆಯುವುದರಿಂದ ನೇರ ಬೆಳಕು ಬಿದ್ದರೆ ಅಕ್ಷರವೇ ಕಾಣದು. ಆದ್ದರಿಂದ ಬಟ್ಟಲನ್ನು ಬೋರಲು ಹಾಕಿದಂತಹ ಗುಮ್ಮಟದೊಳಗಿಂದ ಎಲ್ಲ ಕಡೆಯಿಂದಲೂ ಮೆದುವಾದ ಬೆಳಕು ಬೀಳುವಂತೆ ಮಾಡಿರುತ್ತಾರೆ. ಪಟ್ಟಿ ಕ್ಯಾಮರಾದ ಕೆಳಗೆ ಬಂದೊಡನೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಚಿತ್ರ ತೆಗೆಯಲಾಗುತ್ತದೆ. ಗಣಕಯಂತ್ರದ ಬಳಿ ಸರಿಯಾದ ಪಟ್ಟಿಯ ಮಾದರಿ ಚಿತ್ರವೊಂದು ಮೊದಲೇ ಇರುತ್ತದೆ. ಅದಕ್ಕೂ ಇದಕ್ಕೂ ಹೋಲಿಸಿ, ಅಕ್ಷರ ಬಿಟ್ಟಿದೆಯೆ, ಮಸಿ ಹರಡಿದೆಯೆ, ಸಾಲು ಓರೆಯಾಗಿದೆಯೆ, ಬ್ಯಾಚಿನ ಪ್ರತಿ ಅಂಕಿಯೂ ಇರಬೇಕಾದ ಜಾಗದಲ್ಲಿದೆಯೆ ಎಂದು ಲೆಕ್ಕ ಹಾಕುತ್ತದೆ. ತಪ್ಪಿದ್ದರೆ ಮುಂದೆ ಕಾದಿರುವ ಗಾಳಿಯ ಕೊಳವೆಯೊಂದು ಫಕ್ಕನೆ ಊದಿ ಆ ಪಟ್ಟಿಯನ್ನು ಪಕ್ಕದ ಬುಟ್ಟಿಗೆ ಬೀಳಿಸುತ್ತದೆ. ನಿಮಿಷಕ್ಕೆ ನೂರಾರು ಪಟ್ಟಿ. ಸಂಜೆಯ ಪಾಳಿಯಲ್ಲೂ ಬೆಳಗಿನ ಪಾಳಿಯಷ್ಟೇ ಎಚ್ಚರ.

ಮನೆಯಲ್ಲಿ ಔಷಧದ ರಟ್ಟಿನ ಪೆಟ್ಟಿಗೆಯಿದ್ದರೆ ಅದರ ಮಡಿಕೆಯ ತುದಿಯನ್ನೊಮ್ಮೆ ನೋಡಿ. ಅನೇಕ ಪೆಟ್ಟಿಗೆಗಳಲ್ಲಿ ದಪ್ಪ ಮತ್ತು ತೆಳು ಪಟ್ಟೆಗಳ ಒಂದು ಚಿಕ್ಕ ಸಾಲು ಕಾಣುತ್ತದೆ. ಒಳಗಿನ ಮಡಿಸಿದ ಚೀಟಿಯ ಅಂಚಿನಲ್ಲೂ ಅಂಥದೇ ಇರಬಹುದು. ಅಂಗಡಿಯಲ್ಲಿ ಬೆಲೆ ಹಾಕಲು ಬಳಸುವ ಬಾರ್‌ಕೋಡ್ ಅದಲ್ಲ. ಅದಕ್ಕೆ ಫಾರ್ಮಾಕೋಡ್ ಎಂದು ಹೆಸರು; ಜರ್ಮನಿಯ ಲೇಟಸ್ ಸಂಸ್ಥೆ ರೂಪಿಸಿದ ಸಂಕೇತ. ಅದರಲ್ಲಿ ನಮಗೆಂದು ಒಂದು ಅಕ್ಷರವೂ ಇಲ್ಲ. ಈ ಪೆಟ್ಟಿಗೆಗೆ ಈ ಚೀಟಿ, ಈ ಪಟ್ಟಿಗೆ ಈ ಪೆಟ್ಟಿಗೆ ಎಂದು ಯಂತ್ರವು ತಾಳೆ ನೋಡಲು ಮಾತ್ರ ಅದನ್ನು ಅಚ್ಚು ಹಾಕಿರುತ್ತಾರೆ. ಮಸಿ ಸ್ವಲ್ಪ ಹರಡಿದರೂ ದಪ್ಪ ಪಟ್ಟೆ ದಪ್ಪವಾಗಿಯೇ, ತೆಳು ತೆಳುವಾಗಿಯೇ ಉಳಿಯುವಷ್ಟು ಅಂತರವಿರುವುದರಿಂದ ಅದನ್ನು ತಪ್ಪು ಓದುವುದು ಕಷ್ಟ.

ನೋಡುವ ಯಂತ್ರವನ್ನು ನೋಡುವವರು ಯಾರು? ಇದಕ್ಕೂ ಉಪಾಯವಿದೆ. ಒಳ್ಳೆಯ ಕಾರ್ಖಾನೆಗಳಲ್ಲಿ ಪ್ರತಿ ಬ್ಯಾಚಿನ ಆರಂಭದಲ್ಲಿ ಬೇಕೆಂದೇ ತಪ್ಪಾಗಿ ಅಚ್ಚು ಹಾಕಿದ ಕೆಲವು ಪಟ್ಟಿಗಳನ್ನು ಸಾಲಿನಲ್ಲಿ ಬಿಡುತ್ತಾರೆ. ಒಂದರಲ್ಲಿ ದಿನಾಂಕವಿಲ್ಲ, ಇನ್ನೊಂದರಲ್ಲಿ ಒಂದಂಕಿ ಬೇರೆ, ಮತ್ತೊಂದು ಬೇರೆಯದೇ ಔಷಧದ್ದು. ಯಂತ್ರ ಎಲ್ಲವನ್ನೂ ಹೊರಹಾಕಿದರೆ ಮಾತ್ರ ಕೆಲಸ ಮುಂದುವರಿಯುತ್ತದೆ. ಕೆಲಸ ಮುಗಿದ ಮೇಲೆ ಲೆಕ್ಕ: ಎಷ್ಟು ಲೇಬಲ್ಲು ಬಂತು, ಎಷ್ಟು ಬಳಕೆಯಾಯಿತು, ಎಷ್ಟು ಹಾಳಾಯಿತು. ಬ್ಯಾಚ್ ಸಂಖ್ಯೆ ಒತ್ತಿದ ಮೇಲೆ ಮಿಕ್ಕ ಹಾಳೆಯನ್ನು ನಾಶಪಡಿಸಬೇಕು. ಔಷಧ ನಿಯಮಗಳ ‘ಎಂ’ ಅನುಸೂಚಿ ಕೇಳುವ ಶಿಸ್ತಿದು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆ ಅನುಸೂಚಿಯನ್ನು ಪರಿಷ್ಕರಿಸಿ ಇನ್ನಷ್ಟು ಬಿಗಿಗೊಳಿಸಿತು. ಬೆಂಗಳೂರಿನಲ್ಲಿ 1981ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಸಂಸ್ಥೆಯಿಂದ ಹಿಡಿದು ಚಿಕ್ಕ ಖಾಸಗಿ ಕಾರ್ಖಾನೆಗಳವರೆಗೆ ಎಲ್ಲರಿಗೂ ಅನ್ವಯಿಸುವ ಅನುಸೂಚಿ ಒಂದೇ. ಅದನ್ನು ಪಾಲಿಸುವ ಶಕ್ತಿ ಮಾತ್ರ ಎಲ್ಲರಿಗೂ ಒಂದೇ ಸಮನಾಗಿಲ್ಲ.

ನೋಟು ಅಚ್ಚು ಹಾಕುವವರಿಗೂ ಇದೇ ಚಿಂತೆ ಎಂಬುದನ್ನು ಇಲ್ಲಿ ಸುಮ್ಮನೆ ನೆನೆಯಬಹುದು. ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿನ ಅಧೀನ ಸಂಸ್ಥೆಯ ನೋಟು ಮುದ್ರಣಾಲಯವಿದೆಯಷ್ಟೆ. ಅಚ್ಚಿನಲ್ಲಿ ಕೆಟ್ಟ ನೋಟನ್ನು ತೆಗೆದು ಅದರ ಜಾಗಕ್ಕೆ ಸಂಖ್ಯೆಯ ನಡುವೆ ನಕ್ಷತ್ರದ ಗುರುತಿರುವ ನೋಟನ್ನು ಸೇರಿಸುವ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ 2006ರಲ್ಲಿ ತಂದಿತು. ನಕ್ಷತ್ರದ ನೋಟು ಖೋಟಾ ಎಂದು ಸಂತೆಯಲ್ಲಿ ಕೆಲವರು ಹಿಂದಿರುಗಿಸುವುದುಂಟು. ನಿಜದಲ್ಲಿ ಅದು ಪರೀಕ್ಷೆಯಲ್ಲಿ ಬಿದ್ದುಹೋದ ನೋಟಿನ ಬದಲಿಗೆ ಬಂದ ಒಳ್ಳೆಯ ನೋಟು.

ಇಷ್ಟೆಲ್ಲ ಇದ್ದರೂ ಯಂತ್ರದ ಕಣ್ಣಿಗೆ ಕುರುಡು ಜಾಗಗಳಿವೆ. ಮೊದಲನೆಯದು ಮಾದರಿಯದ್ದು. ಮಾದರಿ ಚಿತ್ರದಲ್ಲಿಯೇ ತಪ್ಪಿದ್ದರೆ ಯಂತ್ರ ಆ ತಪ್ಪನ್ನು ಲಕ್ಷ ಸಲ ಸರಿಯೆಂದು ಒಪ್ಪುತ್ತದೆ, ಯಾರಾದರೂ ಸರಿಯಾಗಿ ಅಚ್ಚು ಹಾಕಿದರೆ ಅದನ್ನೇ ಹೊರಗೆಸೆಯುತ್ತದೆ. ಆದ್ದರಿಂದ ಮಾದರಿಯನ್ನು ಮಾತ್ರ ಈಗಲೂ ಮನುಷ್ಯರೇ ಅಕ್ಷರ ಅಕ್ಷರವಾಗಿ ಓದಬೇಕು. ಪತ್ರಿಕೆಯ ಕರಡು ತಿದ್ದುವವರಿಗೆ ಇದರ ಕಷ್ಟ ಗೊತ್ತು. ಅರ್ಥ ತಿಳಿದವರ ಕಣ್ಣು ತಪ್ಪಿದ ಅಕ್ಷರವನ್ನು ಸರಿಯಾಗಿಯೇ ಓದಿಕೊಂಡು ಮುಂದೆ ಹೋಗಿಬಿಡುತ್ತದೆ.

2011ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಂಪನಿಯೊಂದು ಸಂತಾನ ನಿಯಂತ್ರಣ ಮಾತ್ರೆಗಳ ಭಾರೀ ಪ್ರಮಾಣದ ಪಟ್ಟಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಮಾತ್ರೆಯಲ್ಲಿ ದೋಷವಿರಲಿಲ್ಲ. ಮಾತ್ರೆಗಳಿದ್ದ ಪಟ್ಟಿಯು ರಟ್ಟಿನೊಳಗೆ ತಲೆಕೆಳಗಾಗಿ ಕುಳಿತಿತ್ತು. ಅದರಿಂದ ವಾರಗಳ ಕ್ರಮ ಹಿಂದುಮುಂದಾಯಿತು, ಬ್ಯಾಚ್ ಸಂಖ್ಯೆ ಮತ್ತು ಅವಧಿಯ ದಿನಾಂಕ ಹೊರಗೆ ಕಾಣದಂತಾಯಿತು. ಕ್ರಮ ತಪ್ಪಿದರೆ ಫಲವೇ ಇಲ್ಲದ ಔಷಧವದು. ಅಚ್ಚು ಸರಿ, ಮಾತ್ರೆ ಸರಿ. ಎರಡೂ ಕೂಡುವ ಜಾಗದಲ್ಲಿ ತಪ್ಪು.

ಎರಡನೆಯ ಕುರುಡು ಇನ್ನೂ ದೊಡ್ಡದು. ಯಂತ್ರ ನೋಡುವುದು ಬರಹವನ್ನು, ಒಳಗಿನ ವಸ್ತುವನ್ನಲ್ಲ. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾರಾ ಜಿಲ್ಲೆಯ ಸುದ್ದಿ ನಮ್ಮೆಲ್ಲರ ಮನೆಗಳಲ್ಲೂ ನೋವು ತಂದಿತ್ತು. ತಮಿಳುನಾಡಿನಲ್ಲಿ ತಯಾರಾದ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ಪನ್ನು ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೈಕೊಟ್ಟು ಒಬ್ಬೊಬ್ಬರಾಗಿ ತೀರಿಕೊಂಡರು. ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಆ ಸಿರಪ್ಪಿನಲ್ಲಿ ಬೆರೆತಿತ್ತು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಅದರ ಪ್ರಮಾಣ ಶೇಕಡಾ 48.6 ಎಂದು ಕಂಡುಬಂತು. ಸೀಸೆಯ ಮೇಲಿನ ಅಂಕಿಗಳು ಎಷ್ಟೇ ಸ್ಪಷ್ಟವಾಗಿದ್ದರೂ ಒಳಗಿನ ವಿಷವನ್ನು ಅವು ಹೇಳಲಾರವು. ಆದರೂ ಆ ದುರಂತದಲ್ಲಿ ಇನ್ನಷ್ಟು ಮಕ್ಕಳನ್ನು ಉಳಿಸಲು ನೆರವಾದದ್ದು ಅದೇ ಸೀಸೆಯ ಮೇಲಿನ ಒಂದು ಪುಟ್ಟ ಬರಹ: ಎಸ್‌ಆರ್-13 ಎಂಬ ಬ್ಯಾಚ್ ಸಂಖ್ಯೆ. ರಾಜ್ಯ ರಾಜ್ಯಗಳ ಅಧಿಕಾರಿಗಳು ಹುಡುಕಿದ್ದು ಆ ಸಂಖ್ಯೆಯನ್ನೇ. ಹೊಲಕ್ಕೆ ಸರ್ವೆ ನಂಬರ್ ಹೇಗೋ ಔಷಧಕ್ಕೆ ಬ್ಯಾಚ್ ಸಂಖ್ಯೆ ಹಾಗೆ. ಗುಣಮಟ್ಟದಲ್ಲಿ ಬಿದ್ದುಹೋದ ಔಷಧಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳೂ ಪ್ರಕಟಿಸುತ್ತದೆ. ಅದರಲ್ಲೂ ಇರುವುದು ಬ್ಯಾಚ್ ಸಂಖ್ಯೆಯೇ. ನಮ್ಮ ಕೈಯಲ್ಲಿರುವ ಪಟ್ಟಿಯ ಮೇಲೆ ಆ ಸಂಖ್ಯೆ ಉಳಿದಿಲ್ಲವೆಂದರೆ ಆ ಎಚ್ಚರಿಕೆ ನಮ್ಮ ಮನೆಯ ಬಾಗಿಲವರೆಗೆ ಬಂದು ಹಿಂತಿರುಗಿದಂತೆ.

ಇದೇ ಮಾತಿಗೆ ಸೇರಿದ ಇನ್ನೊಂದು ಬರಹವನ್ನು ಮಕ್ಕಳಿರುವ ಮನೆಯವರು ನೆನಪಿಡಬೇಕು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಎಂಬೆರಡು ದ್ರವ್ಯಗಳನ್ನು ಕೂಡಿಸಿದ ನೆಗಡಿಯ ಸಿರಪ್ಪನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನ ಮೇಲೆ ಅಚ್ಚು ಹಾಕಬೇಕೆಂದು ಭಾರತದ ಔಷಧ ಮಹಾನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದರು. ದೊಡ್ಡ ಮಗುವಿಗೆ ತಂದ ಸೀಸೆಯಿಂದ ಚಿಕ್ಕ ಮಗುವಿಗೆ ಅರ್ಧ ಚಮಚ ಹಾಕುವ ರೂಢಿ ನಮ್ಮಲ್ಲಿದೆ. ಸೀಸೆಯ ಮೇಲಿನ ಆ ಒಂದು ಸಾಲು ಆ ಕೈಯನ್ನು ತಡೆಯಲಿಕ್ಕಾಗಿ ಇರುವುದು.

ಮೂರನೆಯ ಕುರುಡು ಜಾಗ ಕಾರ್ಖಾನೆಯ ಗೇಟಿನಿಂದ ಈಚೆಗಿನದು. ಅಲ್ಲಿ ಕ್ಯಾಮರಾ ಒಪ್ಪಿಕೊಂಡ ಹತ್ತು ಮಾತ್ರೆಯ ಪಟ್ಟಿಯನ್ನು ಕಡೂರಿನಲ್ಲೋ ಬೀರೂರಿನಲ್ಲೋ ಅಂಗಡಿಯವರು ಕತ್ತರಿಯಿಂದ ಎರಡಾಗಿಸುತ್ತಾರೆ. ನಮಗೆ ಬೇಕಾದದ್ದೇ ನಾಲ್ಕು ಮಾತ್ರೆ, ಅವರ ತಪ್ಪೇನಿಲ್ಲ. ಆದರೆ ದಿನಾಂಕವಿದ್ದ ತುದಿ ಒಬ್ಬರ ಮನೆಗೆ, ಹೆಸರಿದ್ದ ಭಾಗ ಇನ್ನೊಬ್ಬರ ಮನೆಗೆ ಹೋಗಿಬಿಡುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ನೋಡಿಕೊಂಡ ಬರಹವನ್ನು ಎರಡು ರೂಪಾಯಿಯ ಉಳಿತಾಯದಲ್ಲಿ ಕಳೆದುಕೊಂಡಂತಾಯಿತು. ಹಾಗಾದಾಗ ಕೇಳಬೇಕಾದದ್ದು ಇಷ್ಟೇ: ‘ದಿನಾಂಕ ಇರೋ ತುದಿ ಬಿಟ್ಟು ಆ ಕಡೆಯಿಂದ ಕತ್ತರಿಸಿ ಸ್ವಾಮಿ’ ಎಂದಲ್ಲ, ‘ದಿನಾಂಕ ಇರೋ ತುದಿಯನ್ನೇ ನನಗೆ ಕೊಡಿ’ ಎಂದೂ ಅಲ್ಲ. ಎಲ್ಲರೂ ಆ ತುದಿಯನ್ನೇ ಕೇಳಿದರೆ ಉಳಿದವರ ಗತಿಯೇನು? ಬಿಲ್ಲು ಕೇಳಿ ಪಡೆಯಬೇಕು. ಔಷಧ ಅಂಗಡಿಯ ಬಿಲ್ಲಿನಲ್ಲಿ ಸಾಮಾನ್ಯವಾಗಿ ಬ್ಯಾಚ್ ಸಂಖ್ಯೆ ಮತ್ತು ಅವಧಿಯ ಅಂಕಣಗಳಿರುತ್ತವೆ. ಅದನ್ನು ಮಾತ್ರೆಯ ತುಂಡಿನ ಜೊತೆಯಲ್ಲಿಯೇ ಒಂದು ಲಕೋಟೆಯಲ್ಲಿಟ್ಟರೆ ಹೋದ ತುದಿ ಮರಳಿ ಬಂದಂತೆ. ದಿನನಿತ್ಯ ನುಂಗುವ ಬಿಪಿ, ಶುಗರಿನ ಮಾತ್ರೆಗಳನ್ನಂತೂ ಇಡೀ ಪಟ್ಟಿಯಾಗಿಯೇ ತರುವುದು ಲೇಸು. ಮನೆಯಲ್ಲಿ ಬಳಸುವಾಗ ದಿನಾಂಕವಿಲ್ಲದ ಕಡೆಯಿಂದ ಮಾತ್ರೆ ತೆಗೆಯುತ್ತ ಬಂದರೆ ಕೊನೆಯ ಮಾತ್ರೆಯವರೆಗೂ ದಿನಾಂಕ ಉಳಿದಿರುತ್ತದೆ.

ಈಗ ಕೆಲವು ಪೆಟ್ಟಿಗೆಗಳ ಮೇಲೆ ಚೌಕಾಕಾರದ ಕ್ಯೂಆರ್ ಕೋಡ್ ಕಾಣಿಸತೊಡಗಿದೆ. ಹೆಚ್ಚು ಮಾರಾಟವಾಗುವ 300 ಔಷಧಗಳ ಹೆಸರನ್ನು ಪಟ್ಟಿ ಮಾಡಿ, 2023ರ ಆಗಸ್ಟ್ 1ರಿಂದ ತಯಾರಾದವುಗಳ ಮೇಲೆ ಅದನ್ನು ಕಡ್ಡಾಯಗೊಳಿಸಲಾಗಿದೆ. ಜ್ವರಕ್ಕೆ ನಮ್ಮೂರುಗಳಲ್ಲಿ ಎಲ್ಲರೂ ಬಲ್ಲ ಡೋಲೋ, ಕ್ಯಾಲ್ಪಾಲ್ ಆ ಪಟ್ಟಿಯಲ್ಲಿವೆ. ಪಿಯುಸಿ ಓದುವ ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇದ್ದೇ ಇರುತ್ತದೆ. ಆ ಚೌಕಕ್ಕೆ ಹಿಡಿದರೆ ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಎರಡೂ ದಿನಾಂಕ, ಪರವಾನಗಿ ಸಂಖ್ಯೆ ಪರದೆಯ ಮೇಲೆ ಬರಬೇಕು. ಪರದೆಯ ಸಂಖ್ಯೆಯೂ ಪಟ್ಟಿಯ ಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಅದನ್ನು ಬಳಸದೆ ಅಂಗಡಿಯವರಿಗೆ ತೋರಿಸಬೇಕು. ಒಂದೇ ಆಗಿದ್ದರೂ ಅದು ಅಸಲಿಯೆಂಬುದಕ್ಕೆ ಪೂರ್ತಿ ಸಾಕ್ಷಿಯಲ್ಲ. ಯುರೋಪಿನಲ್ಲಿ 2019ರ ಫೆಬ್ರವರಿಯಿಂದ ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಗಳಲ್ಲಿ ಒಂದೊಂದು ಪೆಟ್ಟಿಗೆಗೂ ಬೇರೆ ಬೇರೆ ಸಂಖ್ಯೆಯಿದೆ. ಅಂಗಡಿಯಲ್ಲಿ ಕೊಡುವ ಹೊತ್ತಿಗೆ ಅದನ್ನು ಪರೀಕ್ಷಿಸಿ, ಆ ಸಂಖ್ಯೆ ಬಳಕೆಯಾಯಿತೆಂದು ದಾಖಲಿಸುತ್ತಾರೆ. ನಮ್ಮ ನಿಯಮ ಕೇಳುವ ವಿವರಗಳಲ್ಲಿ ಹಾಗೆ ಪೆಟ್ಟಿಗೆಗೊಂದು ಸಂಖ್ಯೆಯಿಲ್ಲ. ಮೋಸಗಾರನೊಬ್ಬ ಒಂದು ಅಸಲಿ ಪೆಟ್ಟಿಗೆಯ ಚೌಕವನ್ನು ನಕಲು ಮಾಡಿ ಸಾವಿರ ಪೆಟ್ಟಿಗೆಗೆ ಅಂಟಿಸಿದರೆ ಮೊಬೈಲಿಗೆ ಅದು ತಿಳಿಯುವುದಿಲ್ಲ. ಹಾಗಾಗಿ ಕಾಗುಣಿತದ ತಪ್ಪು, ಮಸುಕಾದ ಬಣ್ಣ, ಓರೆಯಾದ ಅಚ್ಚು, ಕೈಗೆ ಅಂಟುವ ಮಸಿ ಇವುಗಳನ್ನು ಕಂಡಾಗ ಅನುಮಾನಪಡುವ ಹಕ್ಕು ನಮ್ಮದು. ಒಳ್ಳೆಯ ಕಾರ್ಖಾನೆಯ ಯಂತ್ರ ಅಂಥ ಪಟ್ಟಿಯನ್ನು ಹೊರಗೆ ಬಿಡುತ್ತಿರಲಿಲ್ಲ.

ಕೆಲವು ಗುರುತುಗಳಿಗೆ ಇಂಗ್ಲಿಷ್ ಓದು ಬೇಕಾಗಿಲ್ಲ. ಪಟ್ಟಿಯ ಎಡಬದಿಯಲ್ಲಿ ಮೇಲಿಂದ ಕೆಳಗೆ ಕೆಂಪು ಗೆರೆಯಿದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಲೂ ಬಾರದು, ಉಳಿದದ್ದನ್ನು ನೆರೆಯವರಿಗೆ ಕೊಡಲೂ ಬಾರದು. ಆ್ಯಂಟಿಬಯಾಟಿಕ್ ಔಷಧಗಳು ಈ ಗುಂಪಿಗೆ ಸೇರುತ್ತವೆ. ಈ ಗೆರೆಯ ಅರ್ಥವನ್ನು ಜನರಿಗೆ ತಿಳಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಒಂದು ಅಭಿಯಾನವನ್ನೇ ನಡೆಸಿತು. ನಮ್ಮ ಹಳ್ಳಿಗಳಲ್ಲಿ ಅದು ಎಷ್ಟು ಮುಟ್ಟಿತೆಂಬುದನ್ನು ಡಬ್ಬಿ ತೆರೆದು ನೋಡಿದರೆ ತಿಳಿದೀತು.

ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಮುದ್ರಣವೂ ಒಂದಿದೆ. ಅದನ್ನು ಕಂಡಾಗಲೆಲ್ಲ ಮನುಷ್ಯನ ಜಾಣ್ಮೆಗೆ ಮೆಚ್ಚುಗೆಯಾಗುತ್ತದೆ. ಮಕ್ಕಳಿಗೆ ಹಾಕುವ ಪೋಲಿಯೊ ಲಸಿಕೆಯ ಪುಟ್ಟ ಸೀಸೆಯ ಮೇಲೆ ಒಂದು ಬಣ್ಣದ ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ ಅಚ್ಚಾಗಿರುತ್ತದೆ. 1996ರಲ್ಲಿ ಪೋಲಿಯೊ ಹನಿಯ ಸೀಸೆಗಳ ಮೇಲೆಯೇ ಅದು ಮೊದಲು ಬಳಕೆಗೆ ಬಂತು. ಲಸಿಕೆ ಶಾಖಕ್ಕೆ ಸಿಕ್ಕಿದಷ್ಟೂ ಒಳಗಿನ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕವು ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಹಾಕಬಹುದು. ವೃತ್ತದಷ್ಟೇ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಆ ಸೀಸೆ ನಿರುಪಯುಕ್ತ. ಬೇಸಗೆಯಲ್ಲಿ ಬೇಯುವ ನಮ್ಮ ಬಯಲುಸೀಮೆಯ ಕಡೆಯಲ್ಲಿ ಲಸಿಕೆ ಪೆಟ್ಟಿಗೆ ಹೊತ್ತು ಊರೂರು ಸುತ್ತುವ ಕಾರ್ಯಕರ್ತೆಯರು ಮಗುವಿನ ಬಾಯಿಗೆ ಹನಿ ಹಾಕುವ ಮುನ್ನ ನೋಡಿಕೊಳ್ಳುವ ಗುರುತಿದು. ತಾಯಂದಿರು ತಾವೂ ಕೇಳಿ ನೋಡಬಹುದು, ಅದರಲ್ಲಿ ಯಾರಿಗೂ ಅಗೌರವವಿಲ್ಲ.

ಆದರೆ ಮಾತ್ರೆಯ ಪಟ್ಟಿಗೆ, ಸಿರಪ್ಪಿಗೆ ಅಂಥ ಬಣ್ಣದ ಚೌಕವಿಲ್ಲ. ಅವುಗಳ ಮೇಲೆ ಅಚ್ಚಾದ ಅವಧಿ, ಮುಚ್ಚಳ ತೆರೆಯದೆ ಹೇಳಿದ ರೀತಿಯಲ್ಲಿ ಇಟ್ಟಿದ್ದರೆ ಮಾತ್ರ ಸಲ್ಲುತ್ತದೆ. ಕಣ್ಣಿನ ಹನಿಯ ಸೀಸೆಯನ್ನು ತೆರೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಮುಗಿಸಬೇಕು, ಮೇಲೆ ಎರಡು ವರ್ಷದ ಅವಧಿಯಿದ್ದರೂ ಸರಿಯೆ. ಪುಡಿಗೆ ನೀರು ಬೆರೆಸಿ ಮಾಡುವ ಮಕ್ಕಳ ಆ್ಯಂಟಿಬಯಾಟಿಕ್ ಸಿರಪ್ಪು ಎಷ್ಟು ದಿನವೆಂಬುದು ಲೇಬಲ್ಲಿನ ಮೇಲಿರುತ್ತದೆ. ಸಾಮಾನ್ಯವಾಗಿ ಅದು ಒಂದು ವಾರ. ಬಳಕೆಯಲ್ಲಿರುವ ಇನ್ಸುಲಿನ್ ಸೀಸೆಗೆ ಸುಮಾರು ನಾಲ್ಕು ವಾರ. ತೆರೆದ ದಿನಾಂಕವನ್ನು ಕಾರ್ಖಾನೆಯ ಯಾವ ಯಂತ್ರವೂ ಅಚ್ಚು ಹಾಕಲಾರದು. ಅದನ್ನು ನಾವೇ ಪೆನ್ನಿನಿಂದ ಸೀಸೆಯ ಮೇಲೆ ಬರೆಯಬೇಕು. ಡಬ್ಬಿಯನ್ನು ಒಲೆಯ ಮೇಲಿನ ಹಲಗೆಯಿಂದ ಇಳಿಸಿ ತಂಪಾದ, ಒಣಗಿದ, ಮಕ್ಕಳ ಕೈಗೆ ಸಿಗದ ಜಾಗಕ್ಕೆ ಸರಿಸುವುದೂ ಇದರ ಜೊತೆಗೆ ಆಗಬೇಕಾದ ಕೆಲಸ.

ಹಿರಿಯರ ಮಟ್ಟಿಗೆ ಇನ್ನೊಂದು ಸಣ್ಣ ಕೆಲಸ ಬಾಕಿಯಿದೆ. ಪಟ್ಟಿಯ ಮೇಲಿನ ಬರಹ ಬಹುತೇಕ ಇಂಗ್ಲಿಷಿನಲ್ಲಿರುವುದರಿಂದ, ಮನೆಯಲ್ಲಿ ಓದು ಬಲ್ಲವರು ಅಮಾವಾಸ್ಯೆಗೊಮ್ಮೆಯಾದರೂ ಡಬ್ಬಿಯನ್ನು ಸುರುವಿ ಕುಳಿತು, ಒಂದೊಂದು ಔಷಧವನ್ನೂ ಬೇರೆ ಬೇರೆ ಲಕೋಟೆಗೆ ಹಾಕಿ, ಮೇಲೆ ಕನ್ನಡದಲ್ಲಿ ದಪ್ಪನಾಗಿ ಬರೆದಿಡಬಹುದು: ಏತಕ್ಕೆ, ಯಾವ ಹೊತ್ತಿಗೆ, ಎಷ್ಟು, ಯಾವ ತಿಂಗಳವರೆಗೆ. ಬರೆದವರು ಒಮ್ಮೆ, ನುಂಗುವವರು ಒಮ್ಮೆ ಓದಿ ಹೇಳಲಿ. ಎರಡು ಜೊತೆ ಕಣ್ಣು ಬೇಕೆಂಬ ಅಮೆರಿಕದ ನಿಯಮ ನಮ್ಮ ಪಡಸಾಲೆಯಲ್ಲಿಯೂ ನಡೆಯಲಿ.

ಔಷಧ ಸೇವಿಸಿದ ಮೇಲೆ ಮೈಮೇಲೆ ಗಂಧೆ, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು ಇಂಥದ್ದೇನಾದರೂ ಕಂಡರೆ ಮೊದಲು ವೈದ್ಯರ ಬಳಿಗೆ ಹೋಗಬೇಕು; ಹೋಗುವಾಗ ಆ ಪಟ್ಟಿಯನ್ನೂ ಸೀಸೆಯನ್ನೂ ಕೈಯಲ್ಲಿ ಹಿಡಿದೇ ಹೋಗಬೇಕು. ಅಡ್ಡ ಪರಿಣಾಮಗಳನ್ನು ದಾಖಲಿಸಲು ಕೇಂದ್ರ ಸರ್ಕಾರದ ಶುಲ್ಕರಹಿತ ದೂರವಾಣಿ 1800-180-3024 ಇದೆ. ಕರೆ ಮಾಡಿದಾಗ ಅವರಿಗೆ ಹೇಳಬೇಕಾದ ವಿವರಗಳಲ್ಲಿ ಬ್ಯಾಚ್ ಸಂಖ್ಯೆಯೂ ಒಂದು. ಅವಧಿ ಮುಗಿದ ಪಟ್ಟಿಗಳನ್ನು ಹಾಗೆಯೇ ತಿಪ್ಪೆಗೆಸೆದರೆ ಆಡುವ ಮಕ್ಕಳ, ಮೇಯುವ ದನಗಳ ಬಾಯಿಗೆ ಹೋದೀತು. ಕೆರೆಗೆ, ಕಾಲುವೆಗೆ ಹಾಕುವುದೂ ತರವಲ್ಲ. ಔಷಧ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಹಿಂದಕ್ಕೆ ಪಡೆಯುತ್ತಾರೆಯೇ ಎಂದು ವಿಚಾರಿಸಿ ಅಲ್ಲಿಗೇ ಕೊಡುವುದು ಒಳ್ಳೆಯದು. ಕೊಡುವ ಮುನ್ನ ಪಟ್ಟಿಯ ಮೇಲೆ ಮಸಿಯಿಂದ ಅಡ್ಡಗೆರೆ ಎಳೆದಿರಲಿ.